ಕೂಡುಚಿತ್ರಗಳೂ ಅವುಗಳ ವಿಮರ್ಶೆಯೂ

ಸಮಸ್ಯಾಪೂರಣವೆಂಬ ವಿನೋದ ನಮ್ಮವರಿಗೆ ಹೊಸದಲ್ಲ. ಅವಧಾನದ ಸಭೆಗಳಿಗೆ ಹೋದವರು ಅದನ್ನು ಕಂಡೇ ಇರುತ್ತಾರೆ. ಪೃಚ್ಛಕರು ಪದ್ಯದ ಪಾದವೊಂದನ್ನು ಒಡ್ಡುತ್ತಾರೆ. ಅದು ಮೇಲುನೋಟಕ್ಕೆ ಅರ್ಥವಿಲ್ಲದ್ದು, ಕೆಲವೊಮ್ಮೆ ಸಭ್ಯತೆಯ ಗಡಿಯನ್ನೂ ಮುಟ್ಟಿ ಬರುವಂಥದು. ಉಳಿದ ಪಾದಗಳನ್ನು ತಾನು ಕಟ್ಟಿ, ಕೊಟ್ಟದ್ದು ಯಾವುದು ಕಟ್ಟಿದ್ದು ಯಾವುದು ಎಂಬ ಭೇದ ಕಿವಿಗೆ ತಿಳಿಯದಂತೆ ಮಾಡಿದರೆ ಅವಧಾನಿ ಗೆದ್ದಂತೆ. ಸಭೆ ತಲೆದೂಗುತ್ತದೆ.

ನಮ್ಮ ಬಡಾವಣೆಯಲ್ಲಿ ನಾವು ಏಳೆಂಟು ಮಂದಿ ಕೆಲವು ವರ್ಷಗಳಿಂದ ಇದೇ ಆಟವನ್ನು ಛಾಯಾಚಿತ್ರಗಳಲ್ಲಿ ಆಡುತ್ತಿದ್ದೇವೆ. ತಿಂಗಳ ಮೊದಲ ಭಾನುವಾರ ಒಬ್ಬರು ತಾವು ತೆಗೆದ ಒಂದು ಚಿತ್ರವನ್ನು ಸಮಸ್ಯೆಯಾಗಿ ಕೊಡತಕ್ಕದ್ದು. ಮುಂದಿನ ತಿಂಗಳು ಉಳಿದವರು ಅದರೊಳಕ್ಕೆ ಬೇರೆ ಚಿತ್ರಗಳ ಭಾಗಗಳನ್ನು ಕೂಡಿಸಿ, ಬೇಡದ್ದನ್ನು ಅಳಿಸಿ, ಹೊಸದೊಂದು ಚಿತ್ರವನ್ನು ತರತಕ್ಕದ್ದು. ಒಂದು ಸಲ ಮಳೆ ನಿಂತ ಮೇಲಿನ ರಸ್ತೆಯ ಹೊಂಡವೇ ಸಮಸ್ಯೆಯಾಗಿತ್ತು. ಒಬ್ಬರು ಅದರಲ್ಲಿ ತಿಮಿಂಗಿಲವನ್ನು ತೇಲಿಸಿಕೊಂಡು ಬಂದರು. ಇನ್ನೊಬ್ಬರು, ಕಾಲೇಜಿನಲ್ಲಿ ಓದುವ ಹುಡುಗಿ, ಮೇಲೆ ಆಕಾಶದಲ್ಲಿ ಇಲ್ಲದ ಗಾಳಿಪಟದ ಪ್ರತಿಬಿಂಬವನ್ನು ಮಾತ್ರ ನೀರಿನಲ್ಲಿಟ್ಟಿದ್ದಳು. ತಿಮಿಂಗಿಲಕ್ಕೆ ನಗು ಬಂತು. ಗಾಳಿಪಟಕ್ಕೆ ಯಾರೂ ನಗಲಿಲ್ಲ, ಎಲ್ಲರೂ ಇನ್ನೊಮ್ಮೆ ನೋಡಿದರು. ಬಹುಮಾನವೇನೂ ಇಲ್ಲ, ಉಪ್ಪಿಟ್ಟು ಕಾಫಿ ಉಂಟು. ಇಂಗ್ಲಿಷಿನವರು ಕಾಂಪೋಸಿಟ್ ಎನ್ನುವುದನ್ನು ನಾವು ಕೂಡುಚಿತ್ರವೆಂದು ಕರೆದುಕೊಂಡಿದ್ದೇವೆ. ಒಂದು ವಾಕ್ಯ ಬರೆದುಕೊಟ್ಟರೆ ಚಿತ್ರವನ್ನೇ ಹೆಣೆದು ಮುಂದಿಡುವ ಯಂತ್ರಗಳು ಈಗ ಬಂದಿವೆ. ನಮ್ಮ ಕೂಟದಲ್ಲಿ ಅವಕ್ಕೆ ಪ್ರವೇಶವಿಲ್ಲ. ಕೂಡಿಸುವ ಪ್ರತಿಯೊಂದು ತುಂಡೂ ತಾವು ತೆಗೆದದ್ದಾಗಿರಬೇಕು, ಇಲ್ಲವೆ ಮನೆಯ ಆಲ್ಬಮ್ಮಿನದಾಗಿರಬೇಕು.

ಕನ್ನಡ ಪಾಠ ಹೇಳುವ ನನಗೆ ಅಲ್ಲಿ ಏನು ಕೆಲಸವೆಂದು ಓದುಗರು ಕೇಳಬಹುದು. ಚಿತ್ರ ಕೂಡಿಸುವುದರಲ್ಲಿ ನನ್ನ ಕೈ ಸುಮಾರು. ವಿಮರ್ಶೆ ಬೋಧಿಸುವವರಲ್ಲವೆ, ಮೊದಲು ನಾಲ್ಕು ಮಾತು ನೀವೇ ಹೇಳಿಬಿಡಿ ಎಂದು ಮಿತ್ರರು ನನ್ನನ್ನು ಆ ಪೀಠದಲ್ಲಿ ಕೂರಿಸಿದರು. ಕೂತೆ. ಆ ನಾಲ್ಕು ಮಾತುಗಳ ವಿಷಯವಾಗಿಯೇ ಈ ಲೇಖನ.

ಮೊದಮೊದಲು ನಮ್ಮ ಕೂಟದಲ್ಲಿ ಕೇಳಿಬರುತ್ತಿದ್ದುದು ಒಂದೇ ಮಾತು: "ಚೆನ್ನಾಗಿದೆ." ಬಂದವರಿಗೆಲ್ಲ ತಾಂಬೂಲ ಕೊಟ್ಟಂತೆ ಅದನ್ನು ಕೊಡುತ್ತಿದ್ದೆವು, ತೆಗೆದುಕೊಂಡವರೂ ತಾಂಬೂಲವನ್ನು ಚೀಲಕ್ಕೆ ಹಾಕಿಕೊಂಡಂತೆ ಹಾಕಿಕೊಳ್ಳುತ್ತಿದ್ದರು. ಸ್ನೇಹಕ್ಕೆ ಅದರಿಂದ ಕೊರತೆಯಾಗಲಿಲ್ಲ, ಚಿತ್ರಗಳಿಗೆ ಲಾಭವೂ ಆಗಲಿಲ್ಲ. ಇದಕ್ಕೆ ಎದುರಾದ ಇನ್ನೊಂದು ಜಾಡ್ಯವಿದೆ. ಒಂದು ದೋಷದ ಹೆಸರು ಕಲಿತವನು ಅದನ್ನು ಕಂಡಕಂಡಲ್ಲಿ ಹುಡುಕುವುದು. ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಇಪ್ಪತ್ತು ವರ್ಷ ತಿದ್ದಿದ ನನಗೆ ಅಂಟಿದ್ದು ಈ ಎರಡನೆಯದು.

ಕೂಡುಚಿತ್ರ ಕಂಪ್ಯೂಟರಿನ ಕೂಸೆಂದು ತಿಳಿದವರು ಬಹಳ. ಫೋಟೋಷಾಪ್ ಮಾರುಕಟ್ಟೆಗೆ ಬಂದದ್ದು ೧೯೯೦ರಲ್ಲಿ. ಒಂದರ ಮೇಲೊಂದು ಪದರವಿರಿಸಿ ಕೆಲಸ ಮಾಡುವ ಅನುಕೂಲ ಅದಕ್ಕೆ ಸೇರಿದ್ದು ೧೯೯೪ರಲ್ಲಿ. ಕೂಡುಚಿತ್ರವಾದರೋ ಅದಕ್ಕಿಂತ ನೂರಮೂವತ್ತು ವರ್ಷ ಹಿರಿಯದು. ಅದು ಹುಟ್ಟಿದ್ದು ಮೋಸ ಮಾಡುವ ಆಸೆಯಿಂದಲ್ಲ, ಒಂದು ಇಕ್ಕಟ್ಟಿನಿಂದ. ಅಂದಿನ ಗಾಜಿನ ಫಲಕಗಳಿಗೆ ಹಚ್ಚುತ್ತಿದ್ದ ಲೇಪದ ಮೇಲೆ ನೀಲಿ ಬೆಳಕು ಬಹುಬೇಗ ಕೆಲಸಮಾಡುತ್ತಿತ್ತು. ಹಸುರು, ಕೆಂಪುಗಳಿಗೆ ಅದು ಜಗ್ಗುತ್ತಿರಲಿಲ್ಲ. ನೆಲ ಮೂಡುವಷ್ಟು ಹೊತ್ತು ಬೆಳಕು ಬಿಟ್ಟರೆ ಆಕಾಶ ಸುಣ್ಣ ಬಳಿದ ಗೋಡೆ. ಆಕಾಶಕ್ಕೆ ತಕ್ಕಷ್ಟೇ ಬಿಟ್ಟರೆ ನೆಲವೆಲ್ಲ ಮಸಿ. ಫ್ರಾನ್ಸಿನ ಗುಸ್ತಾವ್ ಲ ಗ್ರೇ ೧೮೫೬-೫೭ರ ಸುಮಾರಿನಲ್ಲಿ ಸಮುದ್ರಕ್ಕೊಂದು, ಮೋಡಕ್ಕೊಂದು ನೆಗೆಟಿವ್ ತೆಗೆದು, ದಿಗಂತದ ಗೆರೆಯಲ್ಲಿ ಎರಡನ್ನೂ ಸೇರಿಸಿ ಒಂದೇ ಕಾಗದದ ಮೇಲೆ ಮುದ್ರಿಸಿದ. ಒಂದೇ ಮೋಡವನ್ನು ಬೇರೆ ಬೇರೆ ಸಮುದ್ರಗಳ ಮೇಲೆ ಹೊದಿಸಿದ್ದೂ ಉಂಟು. ನೋಡಿದವರು ಬೆರಗಾದರು.

ಇಕ್ಕಟ್ಟಿಗೆ ಹುಟ್ಟಿದ್ದು ಬೇಗನೆ ಮಹತ್ವಾಕಾಂಕ್ಷೆಗೆ ತಿರುಗಿತು. ಸ್ವೀಡನ್ನಿನಲ್ಲಿ ಹುಟ್ಟಿ ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಸ್ಟುಡಿಯೋ ಇಟ್ಟಿದ್ದ ಆಸ್ಕರ್ ರೈಲ್ಯಾಂಡರ್ ೧೮೫೭ರಲ್ಲಿ ಮ್ಯಾಂಚೆಸ್ಟರಿನ ಕಲಾಪ್ರದರ್ಶನಕ್ಕೆ ಒಂದು ಚಿತ್ರ ತಂದ. ಬದುಕಿನ ಎರಡು ದಾರಿಗಳೆಂದು ಅದರ ಹೆಸರಿನ ಅರ್ಥ. ನಡುವೆ ಒಬ್ಬ ವೃದ್ಧ. ಅವನ ಒಂದು ಕೈಯ ಕಡೆಯ ತರುಣ ದುಡಿಮೆ, ಭಕ್ತಿಗಳ ಕಡೆಗೆ ನಡೆದರೆ ಇನ್ನೊಂದು ಕಡೆಯವನು ಜೂಜು, ಮದ್ಯ, ವಿಲಾಸಗಳ ಕಡೆಗೆ ವಾಲುತ್ತಾನೆ. ೩೦ಕ್ಕೂ ಹೆಚ್ಚು ನೆಗೆಟಿವುಗಳು, ಆರು ವಾರಗಳ ಕೆಲಸ. ವಿಕ್ಟೋರಿಯಾ ರಾಣಿ ಒಂದು ಪ್ರತಿಯನ್ನು ಕೊಂಡಳು. ಆದರೆ ಎಡಿನ್‌ಬರೋದಲ್ಲಿ ಅದನ್ನು ತೋರಿಸುವಾಗ ವಿಲಾಸದ ಅರ್ಧಕ್ಕೆ ಪರದೆ ಎಳೆದಿದ್ದರೆಂದು ಹೇಳುತ್ತಾರೆ. ಅದೇ ವಿಷಯವನ್ನು ಬಣ್ಣದಲ್ಲಿ ಬರೆದಿದ್ದರೆ ಯಾರೂ ಪರದೆ ಎಳೆಯುತ್ತಿರಲಿಲ್ಲ. ಛಾಯಾಚಿತ್ರವಾದ್ದರಿಂದ ಯಾರೋ ನಿಜವಾದ ಹೆಂಗಸರು ಎಲ್ಲಿಯೋ ನಿಜವಾಗಿ ಉಡುಪಿಲ್ಲದೆ ನಿಂತಿದ್ದರೆಂಬುದು ಜನರ ಮನಸ್ಸಿನಿಂದ ಹೋಗಲಿಲ್ಲ.

ಮರುವರ್ಷ, ೧೮೫೮ರಲ್ಲಿ, ಹೆನ್ರಿ ಪೀಚ್ ರಾಬಿನ್‌ಸನ್ ಐದು ನೆಗೆಟಿವುಗಳಿಂದ ಒಂದು ಕೋಣೆಯನ್ನು ಕಟ್ಟಿದ. ಕ್ಷಯಿಸಿ ಸಾಯುತ್ತಿರುವ ಹುಡುಗಿಯೊಬ್ಬಳು ಒರಗಿದ್ದಾಳೆ, ಹೆಂಗಸರಿಬ್ಬರು ಬಳಿಯಿದ್ದಾರೆ, ಗಂಡಸೊಬ್ಬ ನಮಗೆ ಬೆನ್ನು ಮಾಡಿ ಕಿಟಕಿಯ ಕಡೆ ನಿಂತಿದ್ದಾನೆ. ನಿಜವಾಗಿ ಹಾಗೆ ಒರಗಿದ್ದವಳು ಆರೋಗ್ಯವಾಗಿದ್ದ ಹುಡುಗಿ. ಸಾವಿನ ಕೋಣೆಯೊಳಕ್ಕೆ ಕ್ಯಾಮರಾ ಹೊಕ್ಕಬಹುದೆ ಎಂದು ಹಲವರು ಸಿಟ್ಟಾದರು. ರಾಣಿಯ ಪತಿ ಆಲ್ಬರ್ಟ್ ಮಾತ್ರ ಒಂದು ಪ್ರತಿಯನ್ನು ತರಿಸಿಕೊಂಡ. ಆ ಚಿತ್ರವನ್ನು ನಾನು ಪುಸ್ತಕಗಳಲ್ಲಿ ಮಾತ್ರ ಕಂಡವನು. ನನಗೆ ಅದರಲ್ಲಿ ಇಷ್ಟವಾದುದು ಬೆನ್ನು ಮಾಡಿ ನಿಂತ ಆ ಗಂಡಸು. ಮುಖ ತೋರಿಸಿದ್ದರೆ ನಾಟಕವಾಗುತ್ತಿತ್ತು.

ಈ ಎರಡು ಪ್ರಸಂಗಗಳಲ್ಲಿಯೂ ಗಮನಿಸತಕ್ಕದ್ದು ಇದು: ಅಂದಿನವರು ನೊಂದದ್ದು ಹೊಲಿಗೆ ಕಂಡಿತೆಂದಲ್ಲ. ಈ ಜನರನ್ನು ಹೀಗೆ ಒಂದೆಡೆ ತರುವ ಹಕ್ಕು ನಿನಗೆ ಎಲ್ಲಿಂದ ಬಂತು ಎಂದು ಅವರು ಕೇಳಿದರು. ನಮ್ಮ ಕೂಟ ಇಂಥ ಪ್ರಶ್ನೆಯನ್ನು ಬಹುಕಾಲ ಕೇಳಲಿಲ್ಲ; ಹೊಲಿಗೆಯನ್ನೇ ನೋಡುತ್ತಿತ್ತು.

ಕನ್ನಡ ವ್ಯಾಕರಣ ಓದಿದವರಿಗೆ ಇಲ್ಲಿ ಅರಿಸಮಾಸ ನೆನಪಾಗದೆ ಇರದು. ಕನ್ನಡ ಪದಕ್ಕೂ ಸಂಸ್ಕೃತ ಪದಕ್ಕೂ ಗಂಟು ಹಾಕಿದರೆ ಅವೆರಡೂ ಒಂದಕ್ಕೊಂದು ಹಗೆಯಂತೆ ನಿಲ್ಲುತ್ತವೆಂದು ಪೂರ್ವಿಕರು ಆ ಹೆಸರಿಟ್ಟರು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಅದನ್ನು ಕಾಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದುದಕ್ಕೆ ಹೋಲಿಸಿತು. ಮುಂದೆ ನಯಸೇನನಿಗೆ ಸಂಸ್ಕೃತ, ಕನ್ನಡಗಳ ಬೆರಕೆ ತುಪ್ಪಕ್ಕೆ ಎಣ್ಣೆ ಬೆರೆಸಿದಂತೆ ಕಂಡಿತು. ಆದರೆ ಶಬ್ದಮಣಿದರ್ಪಣದ ಕೇಶಿರಾಜ ನಿಷೇಧವನ್ನು ಹೇಳುತ್ತಲೇ ಬಿರುದಾವಳಿಗಳಲ್ಲಿಯೂ ಹಿಂದಿನ ಕವಿಗಳು ಒಪ್ಪಿ ಬಳಸಿದ ಕಡೆಗಳಲ್ಲಿಯೂ ವಿನಾಯಿತಿ ಕೊಟ್ಟ. ವೈಯಾಕರಣ ಕಿವಿಗೆ ಸೋತದ್ದು ಅಲ್ಲಿ. ಇಂದು ಬಸ್ ನಿಲ್ದಾಣ ಎನ್ನುವಾಗ ಯಾವ ಹಗೆಯೂ ನಮಗೆ ಕೇಳಿಸುವುದಿಲ್ಲ. ಕವಿರಾಜಮಾರ್ಗದ ಮೊದಲನೆಯ ಪರಿಚ್ಛೇದದ ಹೆಸರೇ ದೋಷ, ಅದೋಷಗಳೆರಡನ್ನೂ ಕೂಡಿಸಿ ಹೇಳುತ್ತದೆ. ಬರಿಯ ದೋಷದ ಪಟ್ಟಿಯಲ್ಲ ಅದು. ಯಾವುದು ಎಲ್ಲಿ ದೋಷವಲ್ಲವೆಂಬುದೂ ಕಲಿಯಬೇಕಾದ ವಿದ್ಯೆ. ತರಗತಿಯಲ್ಲಿ ನಾನು ಇದನ್ನು ಎಷ್ಟೋ ಸಲ ಹೇಳಿದ್ದೇನೆ.

ಹಾಗೆಂದು ಹೊಲಿಗೆಯ ವಿದ್ಯೆಯನ್ನು ಕಡೆಗಣಿಸಲಾಗದು. ಕೂಡುಚಿತ್ರವನ್ನು ನೋಡುವಾಗ ಕಣ್ಣಿಗೆ ಒಂದು ಶಿಸ್ತು ಬೇಕು. ಮೊದಲು ದಿಗಂತ. ನಿಂತು ಕಣ್ಣಿನ ಎತ್ತರದಲ್ಲಿ ಕ್ಯಾಮರಾ ಹಿಡಿದು ತೆಗೆದ ಚಿತ್ರದಲ್ಲಿ, ಸಮನೆಲದ ಮೇಲೆ ನಿಂತ ಸಮಾನ ಎತ್ತರದವರ ಕಣ್ಣುಗಳೆಲ್ಲ, ಅವರು ಹತ್ತಿರವಿರಲಿ ದೂರವಿರಲಿ, ದಿಗಂತದ ಗೆರೆಯ ಮೇಲೆಯೇ ಬೀಳುತ್ತವೆ. ಕುಳಿತು ತೆಗೆದದ್ದಾದರೆ ಆ ಗೆರೆ ಎಲ್ಲರ ಸೊಂಟದ ಬಳಿ ಹಾಯುತ್ತದೆ. ನಿಂತು ತೆಗೆದ ಬಯಲಿಗೆ ಕುಳಿತು ತೆಗೆದ ಮನುಷ್ಯನನ್ನು ತಂದಿರಿಸಿದರೆ ಅವನು ಏಕೋ ದೈತ್ಯನಂತೆಯೋ ಹೊಂಡದಲ್ಲಿ ಹೂತವನಂತೆಯೋ ಕಾಣುತ್ತಾನೆ. ಕಾರಣ ತಿಳಿಯದ ನೋಡುಗರಿಗೂ ಇರಿಸುಮುರಿಸಾಗುತ್ತದೆ. ಆಮೇಲೆ ನೆರಳು. ಸೂರ್ಯ ಒಂದು ಚುಕ್ಕೆಯಲ್ಲ, ನಮ್ಮ ಕಣ್ಣಿಗೆ ಅರ್ಧ ಡಿಗ್ರಿ ಅಗಲದ ಬಿಲ್ಲೆ. ಆದ್ದರಿಂದ ವಸ್ತುವಿನಿಂದ ದೂರ ಸರಿದಂತೆ ನೆರಳಿನ ಅಂಚು ಮೆತ್ತಗಾಗುತ್ತ ಹೋಗುತ್ತದೆ: ೧ ಮೀಟರು ಆಚೆ ಬಿದ್ದ ನೆರಳಿನ ಅಂಚು ಸುಮಾರು ೯ ಮಿಲಿಮೀಟರಿನಷ್ಟು ಮಸುಕಾಗಿರುತ್ತದೆ. ಸಂಜೆ ನಮ್ಮದೇ ನೀಳ ನೆರಳನ್ನು ನೋಡಿಕೊಂಡರೆ ಸಾಕು. ಪಾದದ ಬಳಿ ಚೂಪಾಗಿ, ತಲೆಯ ಬಳಿ ಕಲಸಿದಂತಿರುತ್ತದೆ. ಹೊಸಬರು ಹಾಕುವ ನೆರಳು ತಲೆಯಿಂದ ಕಾಲಿನವರೆಗೆ ಒಂದೇ ಸಮನಾಗಿ ಕತ್ತರಿಸಿ ಅಂಟಿಸಿದ ಕಾಗದ. ಇನ್ನು ಬೆಳಕಿನ ಬಣ್ಣ, ಕೂದಲಿನ ಅಂಚು, ಒಂದು ತುಂಡು ನುಣುಪಾಗಿ ಇನ್ನೊಂದು ಮರಳು ಮರಳಾಗಿರುವುದು, ಇವೆಲ್ಲ ಅಭ್ಯಾಸದಿಂದ ಬರುತ್ತವೆ. ನಮ್ಮ ದಂತವೈದ್ಯರು ಇದರಲ್ಲಿ ನಿಪುಣರು. ಹಲ್ಲಿನ ಬಣ್ಣಕ್ಕೆ ಬಣ್ಣ ಹೊಂದಿಸಿ ಹೊಂದಿಸಿ ಅವರ ಕಣ್ಣು ಪಳಗಿದೆಯೆಂದು ನಾವು ಹಾಸ್ಯ ಮಾಡುತ್ತೇವೆ.

ಪತ್ರಿಕೆಯ ಸುದ್ದಿಚಿತ್ರದ ಮಾತು ಬೇರೆ. ೧೯೮೨ರ ಫೆಬ್ರವರಿಯ ನ್ಯಾಷನಲ್ ಜಿಯೋಗ್ರಾಫಿಕ್ ಮುಖಪುಟಕ್ಕೆ ಹೊಂದಲೆಂದು ಗೀಜಾದ ಪಿರಮಿಡ್ಡುಗಳನ್ನು ಒತ್ತಟ್ಟಿಗೆ ಸರಿಸಿತು. ಅದರ ಅಪಕೀರ್ತಿ ಇಂದಿಗೂ ತೊಳೆದುಹೋಗಿಲ್ಲ. ೨೦೦೩ರಲ್ಲಿ ಇರಾಕಿನ ಯುದ್ಧಭೂಮಿಯಿಂದ ಲಾಸ್ ಏಂಜಲಿಸ್ ಟೈಮ್ಸ್ ಪತ್ರಿಕೆಗೆ ಬಂದ ಚಿತ್ರವೊಂದು ಎರಡು ಚಿತ್ರಗಳ ಕೂಡಿಕೆಯೆಂದು ಹಿನ್ನೆಲೆಯಲ್ಲಿ ಕುಳಿತಿದ್ದ ಕೆಲವರು ಎರಡೆರಡು ಸಲ ಕಾಣಿಸಿಕೊಂಡದ್ದರಿಂದ ಬಯಲಾಯಿತು. ಛಾಯಾಗ್ರಾಹಕನ ಕೆಲಸ ಹೋಯಿತು. ಅಲ್ಲಿ ಹೊಲಿಗೆ ಚೆನ್ನಾಗಿದ್ದಷ್ಟೂ ತಪ್ಪು ದೊಡ್ಡದು. ನಮ್ಮ ಆಟದಲ್ಲಿ ಹಾಗಿಲ್ಲ. ಇದು ಕೂಡಿಸಿದ್ದೆಂದು ಎಲ್ಲರಿಗೂ ಮೊದಲೇ ಗೊತ್ತು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಕಳೆದ ವರ್ಷ ಒಂದು ತಿಂಗಳು ಸಮಸ್ಯೆಯಾಗಿ ಬಂದದ್ದು ಖಾಲಿ ಬೆತ್ತದ ಕುರ್ಚಿ. ಒಬ್ಬರು ಅದರ ಮೇಲೆ ಬೆಕ್ಕನ್ನು ಮಲಗಿಸಿದರು. ಒಬ್ಬರು ಕುರ್ಚಿಯನ್ನೇ ತೆಂಗಿನ ಗರಿಗಳ ನಡುವೆ ಏರಿಸಿದರು. ನಮ್ಮ ಕೂಟದ ಹಿರಿಯರಾದ ನಿವೃತ್ತ ಪೋಸ್ಟ್ ಮಾಸ್ತರರು ತಂದ ಚಿತ್ರ ಅವರ ಮಗಳ ಮದುವೆಯದು. ಧಾರೆ ಎರೆಯುತ್ತಿರುವ ಹೊತ್ತು. ಮಂಟಪದ ಪಕ್ಕದಲ್ಲಿ ಆ ಬೆತ್ತದ ಕುರ್ಚಿ. ಕುರ್ಚಿಯಲ್ಲಿ, ಮದುವೆಗೆ ಆರು ತಿಂಗಳು ಮೊದಲೇ ತೀರಿಕೊಂಡಿದ್ದ ಅವರ ತಂದೆ, ಶಲ್ಯ ಹೊದ್ದು ಕುಳಿತಿದ್ದರು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಪ್ರತಿಯೊಬ್ಬರೂ ಚೆನ್ನಾಗಿದೆ ಎಂದರು. ಪೀಠದಲ್ಲಿ ಕುಳಿತ ನನಗೆ ಅಷ್ಟಕ್ಕೇ ಬಿಡುವುದು ಧರ್ಮವಲ್ಲವೆನ್ನಿಸಿತು. ಸ್ನೇಹದ ದಾಕ್ಷಿಣ್ಯಕ್ಕೆ ಚಿತ್ರವನ್ನು ಬಲಿಕೊಡಬಾರದೆಂದು ದೊಡ್ಡ ಮಾತೊಂದು ಒಳಗಿನಿಂದ ಏಳುತ್ತಿತ್ತು. ವಧುವಿನ ಹಿಂದಿನ ಪರದೆಯ ಮೇಲೆ ಎಡಕ್ಕೊಂದು ಗಾಢ ನೆರಳು, ಬಲಕ್ಕೊಂದು ತೆಳು ನೆರಳು ಕಂಡಿತು. ತೆಳುವಾದದ್ದನ್ನು ಬೆರಳಿಟ್ಟು ತೋರಿಸಿ, "ಬೆಳಕು ಬಲಗಡೆಯಿಂದ ಬರುತ್ತಿರುವಾಗ ಬಲಗಡೆಗೇ ನೆರಳು ಹೇಗೆ ಬಿದ್ದೀತು? ಕೂಡಿಸಿದ್ದು ಇಲ್ಲಿ ಗೊತ್ತಾಗಿಬಿಡುತ್ತದೆ" ಎಂದೆ.

ಪೋಸ್ಟ್ ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. "ಮೇಷ್ಟ್ರೇ, ಆ ನೆರಳು ನಾನು ಹಾಕಿದ್ದಲ್ಲ. ಛತ್ರದಲ್ಲಿ ಫೋಟೋದವನ ಫ್ಲ್ಯಾಷು ಬಲಗಡೆ ಇತ್ತು, ವಿಡಿಯೋದವನ ದೀಪ ಎಡಗಡೆ. ಅವತ್ತು ಎಲ್ಲರಿಗೂ ಎರಡೆರಡು ನೆರಳು. ನಮ್ಮಪ್ಪನಿಗೂ ಹಾಗೇ ಎರಡು ಕೊಡೋಷ್ಟರಲ್ಲಿ ನಾಲ್ಕು ರಾತ್ರಿ ಆಯ್ತು" ಎಂದರು. ಅವರ ಮಾತಿನಲ್ಲಿ ಕಹಿಯಿರಲಿಲ್ಲ. ಮತ್ತೆ, "ಅದು ಹೋಗಲಿ. ಅಪ್ಪ ಹೇಗೆ ಕಾಣಿಸ್ತಾರೆ, ಅದು ಹೇಳಿ" ಎಂದು ಕೇಳಿದರು.

ನಾನು "ಚೆನ್ನಾಗಿದ್ದಾರೆ" ಎಂದೆ.

ಇಡೀ ಚಿತ್ರದಲ್ಲಿ ಸುಳ್ಳಲ್ಲದ ಒಂದು ನೆರಳನ್ನು ಹುಡುಕಿ ಸುಳ್ಳೆಂದು ಸಾರಿದ್ದೆ. ನಾನು ನೋಡಿದ್ದು ಚಿತ್ರವನ್ನಲ್ಲ, ನನ್ನ ಪಟ್ಟಿಯನ್ನು. ಅದಕ್ಕಿಂತ ನಾಚಿಕೆಯೆಂದರೆ, ಅವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವೇ ಇರಲಿಲ್ಲ. ಆ ಚಿತ್ರದಲ್ಲಿ ಏನೋ ಕೂಡಿಲ್ಲವೆಂಬುದು ಮಾತ್ರ ನಿಜವಾಗಿತ್ತು, ಅದು ನೆರಳಲ್ಲ. ಅವರಿಂದ ಪ್ರತಿಯೊಂದನ್ನು ಕೇಳಿ ಪಡೆದು ಮನೆಗೆ ತಂದು, ಮೂರು ನಾಲ್ಕು ದಿನ ಮೇಜಿನ ಮೇಲೆ ಇಟ್ಟುಕೊಂಡೆ.

ಮೊದಲು ಕಣ್ಣಿಗೆ ಬಿದ್ದುದು ವಯಸ್ಸು. ಅಪ್ಪನ ಚಿತ್ರ ಅವರ ಷಷ್ಟ್ಯಬ್ದಿಯಲ್ಲಿ ಸ್ಟುಡಿಯೋದಲ್ಲಿ ಕೂರಿಸಿ ತೆಗೆಸಿದ್ದು. ಮದುವೆಯ ದಿನ ಪೋಸ್ಟ್ ಮಾಸ್ತರರಿಗೆ ಐವತ್ತೊಂಬತ್ತು. ಧಾರೆ ಎರೆಯುವ ಮಗನೂ ಕುರ್ಚಿಯಲ್ಲಿ ಕುಳಿತ ತಂದೆಯೂ ಅಣ್ಣತಮ್ಮಂದಿರಂತಿದ್ದರು. ಇದು ದೋಷವೆ? ಕಾಲಕ್ರಮದ ಲೆಕ್ಕದಲ್ಲಿ ಹೌದು. ಆದರೆ ನಾನು ಎಷ್ಟು ನೋಡಿದರೂ ಅದು ನನ್ನನ್ನು ಚುಚ್ಚಲಿಲ್ಲ. ತೀರಿಕೊಂಡವರನ್ನು ನೆನೆಯುವಾಗ ನಾವು ಅವರ ಕೊನೆಯ ವಯಸ್ಸನ್ನೇ ನೆನೆಯಬೇಕೆಂಬ ನಿಯಮವಿಲ್ಲ. ಚುಚ್ಚುತ್ತಿದ್ದುದು ನೋಟ. ಮಂಟಪದಲ್ಲಿದ್ದ ಪುರೋಹಿತರು, ಬೀಗರು, ಹಿಂದೆ ನಿಂತ ಹೆಂಗಸರು, ಕಾಲಬೆರಳ ಮೇಲೆ ನಿಂತ ಮಕ್ಕಳು ಸಹ ನೋಡುತ್ತಿದ್ದುದು ವಧುವಿನ ಕೈಯ ಮೇಲೆ ಬೀಳುವ ನೀರನ್ನು. ತಾತ ಒಬ್ಬರು ಮಾತ್ರ, ಅಲುಗಬೇಡಿ ಎಂದ ಸ್ಟುಡಿಯೋದವನ ಮಾತನ್ನು ಪಾಲಿಸುತ್ತ, ನಮ್ಮನ್ನು ನೋಡುತ್ತಿದ್ದರು. ಬೆಳಕು, ಅಂಚು, ಎರಡು ನೆರಳು ಎಲ್ಲವೂ ಸರಿಯಾಗಿದ್ದೂ ಅವರು ಮದುವೆಗೆ ಬಂದಿರಲಿಲ್ಲ.

ಭಾನುವಾರದವರೆಗೆ ಕಾಯದೆ ಅವರ ಮನೆಗೆ ಹೋಗಿ ಇದನ್ನು ಹೇಳಿದೆ. ನೆರಳಿನ ಮಾತಿಗೆ ಕ್ಷಮೆಯನ್ನೂ ಕೇಳಿದೆ. ಅವರು ಚಿತ್ರವನ್ನು ಕಿಟಕಿಯ ಬಳಿ ಹಿಡಿದು ಬಹಳ ಹೊತ್ತು ನೋಡಿ, "ಹೌದಲ್ಲ" ಎಂದರು. ಸ್ವಲ್ಪ ತಡೆದು, "ಕೊನೇ ವರ್ಷಗಳ ಫೋಟೋ ಬೇಕಾದಷ್ಟಿವೆ ಮೇಷ್ಟ್ರೇ. ಅವುಗಳಲ್ಲಿ ಅಪ್ಪ ಅಪ್ಪನ ಹಾಗಿಲ್ಲ. ಅದಕ್ಕೇ ಇದನ್ನ ಹಾಕಿದ್ದು" ಎಂದರು. ವಯಸ್ಸಿನ ಬಗ್ಗೆ ನಾನು ಬಾಯಿ ತೆರೆದಿರಲೇ ಇಲ್ಲ.

ಮನೆಯವರೆಲ್ಲ ಸೇರಿ ಹಳೆಯ ಆಲ್ಬಮ್ಮುಗಳನ್ನು ಅಟ್ಟದಿಂದ ಇಳಿಸಿದರಂತೆ. ೧೯೮೦ರ ದಶಕದ ಒಂದು ಕಪ್ಪು ಬಿಳುಪು ಚಿತ್ರ ಸಿಕ್ಕಿತು: ಜಗಲಿಯ ಮೇಲೆ ಕುಳಿತು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಪಂಚಾಂಗ ನೋಡುತ್ತಿರುವ ಅಪ್ಪ. ಪಂಚಾಂಗವನ್ನು ಅಳಿಸಿ ಕುರ್ಚಿಯಲ್ಲಿ ಕೂರಿಸಿದಾಗ ಬಾಗಿದ ಆ ನೋಟ ತಾನಾಗಿಯೇ ಧಾರೆಯ ನೀರಿನ ಮೇಲೆ ಬಿತ್ತು. ಈಗ ತಂದೆ ಮಗನಿಗಿಂತ ಹತ್ತು ವರ್ಷ ಚಿಕ್ಕವರಾಗಿ ಕಾಣುತ್ತಾರೆ. ಕೂಟದಲ್ಲಿ ದಂತವೈದ್ಯರು ಅದನ್ನು ಎತ್ತಿಯೇ ಎತ್ತಿದರು. ಅದು ದೋಷವಲ್ಲವೆಂದು ನಾನು ವಾದಿಸಿದೆ. ಕೇಶಿರಾಜನನ್ನೂ ಎಳೆದು ತಂದೆನೆಂದು ಕಾಣುತ್ತದೆ, ಉಪ್ಪಿಟ್ಟು ಆರಿಹೋಯಿತು. ಹೆಗಲಿನ ಬಳಿ ಶಲ್ಯದ ಅಂಚು ಸ್ವಲ್ಪ ಗರಗಸದಂತಿದೆಯೆಂದು ಹುಡುಗಿ ತೋರಿಸಿದಳು. ಅದು ನಿಜ, ನನಗೆ ಕಂಡಿರಲಿಲ್ಲ.

ತಂದೆಯ ಚಿತ್ರದಲ್ಲಿ ಬಣ್ಣವಿಲ್ಲದ್ದರಿಂದ ಪೋಸ್ಟ್ ಮಾಸ್ತರರು ಇಡೀ ಮದುವೆಯನ್ನೇ ಕಪ್ಪು ಬಿಳುಪಿಗೆ ತಿರುಗಿಸಿದ್ದರು. ನಮಗೆಲ್ಲ ಅದು ಹಿಡಿಸಿತು. ಮಗಳಿಗೆ ಹಿಡಿಸಲಿಲ್ಲವಂತೆ. ಧಾರೆ ಸೀರೆಯ ಕೆಂಪೇ ಹೋಯಿತಲ್ಲ, ತಾತ ಅದನ್ನು ನೋಡುವುದು ಬೇಡವೆ ಎಂದು ಕೇಳಿದಳಂತೆ. ಅಪ್ಪನಿಗೆ ಬಣ್ಣ ತುಂಬುವ ಕೆಲಸಕ್ಕೆ ಅವರು ಈಗ ಕುಳಿತಿದ್ದಾರೆ. ಶಲ್ಯದ ಅಂಚು ಯಾವ ಬಣ್ಣದ್ದಿತ್ತೆಂದು ತಮ್ಮ ಅಕ್ಕನಿಗೆ ಕಾಗದ ಬರೆದಿದ್ದಾರೆ.